ಪಶ್ಚಿಮದ ಕಿಟಕಿಗಳು

ಜನವರಿ 14

ಗುಬ್ಬೀ,

ನೀನು ಬಸ್ಸು ಹತ್ತಿದ ಮಾರನೆಯ ದಿನವೇ ಅಮ್ಮ ನಿನ್ನ ಮೇಜನ್ನು ನನಗೆ ಕೊಟ್ಟಳು. "ನಿನ್ನ ಕಾಗದದ ಗುಡ್ಡೆ ಅಲ್ಲಿಗೆ ಸಾಗಿಸೋ ಭಾಷಣಪ್ಪ, ನಂಗೆ ನೆಲ ಒರೆಸೋಕೆ ಜಾಗ ಬೇಕು" ಅಂದಳು. ಆದ್ದರಿಂದ ಈ ಪತ್ರವನ್ನು ನಿನ್ನ ಮೇಜಿನ ಮೇಲೆಯೇ ಬರೆಯುತ್ತಿದ್ದೇನೆ. ಇದರ ಒಂದು ಕಾಲು ಗಿಡ್ಡ. ಇಷ್ಟು ವರ್ಷ ಇದರ ಮೇಲೆ ನೇರ ಗೆರೆ ಹೇಗೆ ಎಳೆದೆಯೋ!

ಮೊದಲು ಅಭಿನಂದನೆ ಹೇಳಿಬಿಡುತ್ತೇನೆ. ನನಗೆ ಒಂಚೂರೂ ಬೇಜಾರಿಲ್ಲ. ಇಬ್ಬರ ಚಿತ್ರಗಳೂ ಗೆರೆಯಜ್ಜನ ಕಚೇರಿಗೆ ಒಂದೇ ಲಕೋಟೆಯಲ್ಲಿ ಹೋದವು, ಒಬ್ಬರಿಗೆ ಕರೆ ಬಂತು, ಅಷ್ಟೇ. ನಾನು ಕಳಿಸಿದ್ದು ಇಡೀ ಒಂದು ಊರು: ಬೇಲಿಯಿಲ್ಲದ ಮನೆಗಳು, ಯಾರ ಮನೆ ಮುಂದೆಯೂ ಒಂದೇ ಅಗಲದ ಬೀದಿ. ನೀನು ಕಳಿಸಿದ್ದು ಅಮ್ಮ ಕೂತು ಬಟ್ಟೆ ಹೊಲಿಯುವ ಮೂಲೆ. ಅಪ್ಪನ ಸಮಾಧಾನ ಕೇಳು: "ಮೇಲಿನ ಹಾಳೆ ನೋಡಿರ್ತಾರೆ, ಕೆಳಗಿಂದು ಮರೆತಿರ್ತಾರೆ, ಬಿಡೋ." ಜೀವಮಾನವೆಲ್ಲ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸಿದವನಿಗೆ ಜಗತ್ತೆಂದರೆ ಮೇಲಿನ ಹಾಳೆ, ಕೆಳಗಿನ ಹಾಳೆ.

ಆದರೂ ಕೆಲವು ಸಂಗತಿ ಮರೆಯಬೇಡ. ಗೆರೆಯಜ್ಜನ ಕಿರುಹೊತ್ತಿಗೆಗಳು ಅಚ್ಚಾಗುವಾಗ ಕೆಟ್ಟ ಹಾಳೆಗಳನ್ನು ಅಪ್ಪ ಮನೆಗೆ ತರುತ್ತಿದ್ದ. ಅವನ್ನು ಪುಟದ ಕ್ರಮಕ್ಕೆ ಜೋಡಿಸಿ ಹೊಲಿದವನು ನಾನು. 'ಗೋಡೆ ಸುಳ್ಳು ಹೇಳಬಾರದು' ಎಂಬ ಮೊದಲ ಹೊತ್ತಿಗೆಯನ್ನು ನಿನಗೆ ಓದಿ ಹೇಳಿದವನು ನಾನು. ನೀನು ಅದರ ಕೊನೆಯ ಖಾಲಿ ಪುಟದಲ್ಲಿ ಬೆಕ್ಕು ಬರೆಯುತ್ತಿದ್ದೆ. ಆ ದೊಡ್ಡ ಮನುಷ್ಯನಿಗೆ ಗೆರೆಯಜ್ಜ ಎಂದು ಹೆಸರಿಟ್ಟವನೂ ನಾನೇ. ಕಮಾನು, ಕೆತ್ತನೆ, ಹೂಬಳ್ಳಿ ಎಲ್ಲವನ್ನೂ ಕಿತ್ತೊಗೆದು ಬರೀ ಗೋಡೆ, ಬೆಳಕು, ನೆರಳಿನಿಂದ ಕಟ್ಟಡ ಕಟ್ಟಬಹುದೆಂದು ಎಲ್ಲರಿಗಿಂತ ಮೊದಲು ತೋರಿಸಿದವರ ಕಚೇರಿಯಲ್ಲಿ ನೀನು ಕೂತಿದ್ದೀಯ. ಒಂದು ವರ್ಷ ಪರೀಕ್ಷೆಯ ಮೇಲೆ ಇಟ್ಟುಕೊಂಡಿದ್ದಾರೆ. ಎಚ್ಚರವಾಗಿರು. ಪುರಸಭೆಯ ಓವರ್‌ಸಿಯರ್ ಆಗಿ ನಾನು ಇಲ್ಲಿ ಚರಂಡಿಯ ಇಳಿಜಾರು ಅಳೆಯುತ್ತಿರುತ್ತೇನೆ. ಕುಣಿಯಲಾರದವನು ನೆಲ ಡೊಂಕು ಅಂದ ಅನ್ನಬೇಡ. ನಾನು ನೆಲ ಅಳೆಯುವವನು, ಡೊಂಕು ಎಲ್ಲಿದೆಯೆಂದು ನನಗೆ ಗೊತ್ತಾಗುತ್ತದೆ.

ಅವರು ಹೇಗೆ ಮಾತಾಡುತ್ತಾರೆ? ಏನು ಬರೆಯುತ್ತಿದ್ದಾರೆ? ಎಲ್ಲ ಬರೆ. ಒಂದನ್ನೂ ಬಿಡಬೇಡ.

ಅಣ್ಣ

ಜನವರಿ 29

ಅಣ್ಣಾ,

ಮೇಜಿನ ಗಿಡ್ಡ ಕಾಲಿನ ಕೆಳಗೆ ನಿನ್ನ ಭಾಷಣದ ಹಾಳೆ ಮಡಿಸಿ ಇಡುತ್ತಿದ್ದೆ. ನೇರವಾಗುತ್ತಿತ್ತು.

ಕಚೇರಿ ಮೂರನೆಯ ಮಹಡಿಯ ಒಂದೇ ಉದ್ದನೆಯ ಕೋಣೆ, ಅದರ ತುದಿಗೆ ಗೆರೆಯಜ್ಜನ ಪುಟ್ಟ ಕೋಣೆ. ಉತ್ತರದ ಗೋಡೆ ಪೂರ್ತಿ ಗಾಜು. ಮಿಕ್ಕ ಮೂರು ಗೋಡೆಗಳ ಮೇಲೆ ಕ್ಯಾಲೆಂಡರ್ ಕೂಡ ಇಲ್ಲ. ಇಂದು ಯಾವ ದಿನ ಎಂದು ತಿಳಿಯಲು ಕೆಳಗಿನ ಕ್ಷೌರದಂಗಡಿಗೆ ಇಣುಕಬೇಕು. ಗೆರೆಯಜ್ಜ ಕುಳ್ಳಗಿದ್ದಾರೆ. ಚಪ್ಪಲಿ ಎಳೆಯುತ್ತ ಬರುತ್ತಾರೆ, ಆ ಸದ್ದಿಗೆ ಎಲ್ಲರ ಬೆನ್ನೂ ನೆಟ್ಟಗಾಗುತ್ತದೆ. ತಪ್ಪು ಕಂಡರೆ ಬೈಯುವುದಿಲ್ಲ, ತಾವೇ ರಬ್ಬರ್ ತೆಗೆದುಕೊಂಡು ಉಜ್ಜುತ್ತಾರೆ. ಬೈದಿದ್ದರೇ ವಾಸಿ.

ನಿನಗೆ ಇಷ್ಟವಾಗುವ ಒಂದು ನಿಯಮ ಹೇಳುತ್ತೇನೆ. ಇಲ್ಲಿ ನಕ್ಷೆಯ ಮೇಲೆ ಅಕ್ಷರ ಬರೆಯುವಂತಿಲ್ಲ. ಕೋಣೆಯ ಹೆಸರಿಲ್ಲ, ಬಾಣವಿಲ್ಲ, ಅಳತೆಯೂ ಇಲ್ಲ. ಅಳತೆಗಳೆಲ್ಲ ಬೇರೆ ಹಾಳೆಯಲ್ಲಿ. ಎರಡನ್ನೂ ಹೊಂದಿಸಲು ಒಂದು ಚುಕ್ಕೆ, ಎರಡು ಚುಕ್ಕೆ, ಮೂರು ಚುಕ್ಕೆ ಇಡುತ್ತೇವೆ. "ಮಾತು ಬೇಕು ಅನ್ನೋ ಚಿತ್ರ ಅರ್ಧ ಚಿತ್ರ" ಎನ್ನುತ್ತಾರೆ.

ನಿನ್ನೆ ನನ್ನ ಪಕ್ಕ ನಿಂತು ತುಂಬ ಹೊತ್ತು ಮಾತಾಡಿದರು. ಅವರ ಮೊದಲ ಕಟ್ಟಡ, ಆ ಕಂಬವಿಲ್ಲದ ಮೀನು ಮಾರುಕಟ್ಟೆಗೆ ಜನ ಕಲ್ಲು ಹೊಡೆದದ್ದು. ಗಿರಣಿ ಕೆಲಸಗಾರರ ಮನೆಗಳಲ್ಲಿ ಪ್ರತಿ ಅಡುಗೆಮನೆಗೂ ಬೆಳಗಿನ ಬಿಸಿಲು ಬೀಳಲೇಬೇಕೆಂದು ಹಟ ಹಿಡಿದದ್ದು. ನೀನು ಇರಬೇಕಿತ್ತು. ಈಗ ಒಂದು ಬ್ಯಾಂಕಿನ ಕಟ್ಟಡ ನಡೆಯುತ್ತಿದೆ. ಅದರ ಬಗ್ಗೆ ಮತ್ತೆ ಬರೆಯುತ್ತೇನೆ.

ಗುಬ್ಬಿ

ಫೆಬ್ರವರಿ 20

ಗುಬ್ಬೀ,

ಬಾಯಿ ಸಿಹಿ ಮಾಡಿಕೋ. ನಮ್ಮೂರ ಹೊಸ ಶಾಲೆಯ ನಕ್ಷೆ ಗೆರೆಯಜ್ಜನ ಕಚೇರಿಯಿಂದ ಬರುತ್ತದೆ! ಶಾಲಾ ಸಮಿತಿ ಒಪ್ಪಿದೆ. ಕಟ್ಟಡದ ಮೇಲ್ವಿಚಾರಣೆ ಯಾರದು? ಚರಂಡಿಯ ಇಳಿಜಾರು ಅಳೆಯುವವನದು. ಎಂಜಿನಿಯರ್ ಹೇಳಿದಾಗ ನಾನು ಕುರ್ಚಿಯಿಂದ ಎದ್ದ ರಭಸಕ್ಕೆ ಮಸಿಕುಡಿಕೆ ಅವರ ಪ್ಯಾಂಟಿನ ಮೇಲೆ ಬಿತ್ತು. "ಇಷ್ಟು ಖುಷಿಯಾಗೋಕೆ ನಿನ್ನ ಮದ್ವೆ ಏನೂ ಅಲ್ವಲ್ಲಯ್ಯ" ಅಂದರು.

ಹಾಗಾದರೆ ಈಗ ನಾನೂ ಅವರ ಕೆಲಸಗಾರ. ನೀನು ಅವರ ಗೆರೆಯನ್ನು ಕಾಗದಕ್ಕೆ ಇಳಿಸುತ್ತೀಯ, ನಾನು ನೆಲಕ್ಕೆ ಇಳಿಸುತ್ತೇನೆ. ಯಾವುದು ಹೆಚ್ಚು ಕಾಲ ಬಾಳುತ್ತದೆ ಎಂದು ಯೋಚಿಸು. ಸುಮ್ಮನೆ ಹೇಳಿದೆ.

ಇದರೊಂದಿಗೆ ನನ್ನ ಲೇಖನವಿದೆ: 'ಗೆರೆಯಜ್ಜನಿಗೆ ಹತ್ತು ಪ್ರಶ್ನೆಗಳು'. ಇಷ್ಟು ವರ್ಷ ಅವರನ್ನು ಓದಿ, ಒಪ್ಪಿ, ಜಗಳವಾಡಿ ಬರೆದದ್ದು. ಬಡವರ ಅಡುಗೆಮನೆಯಿಂದ ಶುರುವಾದವರು ಬ್ಯಾಂಕಿನ ತಿಜೋರಿಗೆ ಹೇಗೆ ಬಂದಿರಿ ಎಂಬುದು ಎಂಟನೆಯ ಪ್ರಶ್ನೆ. ಮೇಜಿನ ಮೇಲೆ ಇಟ್ಟು ಬರಬೇಡ, ಕೈಗೇ ಕೊಡು. ಓದುವಾಗ ಅವರ ಮುಖ ನೋಡು. ನನಗೆ ಬೇಕಾದದ್ದು ಆ ಮುಖದ ವರದಿ.

ಅಣ್ಣ

ಮಾರ್ಚ್ 25

ಅಣ್ಣಾ,

ಶಾಲೆಯ ಟ್ರೇಸಿಂಗ್ ಹಾಳೆಗಳನ್ನು ಇಂದು ಪಾರ್ಸೆಲ್ ಮಾಡಿದೆವು. ಎಲ್ಲವೂ ನನ್ನ ಕೈಯವು. ಇಲ್ಲಿನ ಬ್ಲೂಪ್ರಿಂಟ್ ಕೋಣೆಯಲ್ಲಿ ಬ್ಯಾಂಕಿನ ಕೆಲಸವೇ ತುಂಬಿದೆ, ನೀವು ಅಲ್ಲಿಯೇ ತೆಗೆಸಿಕೊಳ್ಳಿ. ಈ ಕೆಲಸದ ಮೇಲೆಯೇ ನನ್ನನ್ನು ಇಟ್ಟುಕೊಳ್ಳುವುದೋ ಕಳಿಸುವುದೋ ತೀರ್ಮಾನವಾಗುತ್ತದೆ. ಆದ್ದರಿಂದ ಒಂದು ಮೊಳೆಯೂ ಆಚೀಚೆ ಆಗದಂತೆ ನೋಡಿಕೋ.

ನಿನ್ನ ಲೇಖನ ಕೊಟ್ಟೆ. ಅವರಿಗೆ ಬಿಡುವಿಲ್ಲ. ಓದಿಲ್ಲ ಅನ್ನಿಸುತ್ತದೆ.

ಮೊನ್ನೆ ಚಹಾದ ಹೊತ್ತಿನಲ್ಲಿ ಕಿಟಕಿಯ ಅಳತೆಯ ಮಾತು ಬಂತು. ನಾನು ಧೈರ್ಯ ಮಾಡಿ, "ಕಿಟಕಿ ಅಂದ್ರೆ ಗೋಡೇಲಿರೋ ತೂತಲ್ಲ; ಕಿಟಕಿಗೆ ಕಟ್ಟಿದ ಚೌಕಟ್ಟೇ ಗೋಡೆ" ಅಂದೆ. ಗೆರೆಯಜ್ಜ ಲೋಟ ಕೆಳಗಿಟ್ಟು ತಿರುಗಿ ನೋಡಿದರು. "ಯಾರದು, ಹೊಸ ಹುಡುಗೀನಾ?" ಎಂದು ಕೇಳಿದರು. ಅಂದಿನಿಂದ ನನ್ನ ಮೇಜು ಅವರ ಕೋಣೆಯ ಬಾಗಿಲ ಬಳಿ ಬಂದಿದೆ.

ಗುಬ್ಬಿ

ಏಪ್ರಿಲ್ 10

ಗುಬ್ಬೀ,

"ಯಾರದು, ಹೊಸ ಹುಡುಗೀನಾ?" ಎಂದು ಕೇಳಿದರಂತೆ. ಹಾಗಾದರೆ ಜನವರಿಯಲ್ಲಿ ನಿನ್ನ ಪಕ್ಕ ನಿಂತು ತುಂಬ ಹೊತ್ತು ಮಾತಾಡಿದ್ದು ಯಾರ ಹತ್ತಿರ? ಇರಲಿ. ಕಿಟಕಿ ತೂತಲ್ಲ ಎಂಬ ಮಾತು ನನ್ನ ಲೇಖನದ ನಾಲ್ಕನೆಯ ಪ್ರಶ್ನೆಯಲ್ಲಿದೆ. ಬಹುಶಃ ನಿನಗೆ ನೆನಪಿಲ್ಲ. ಒಂದೇ ಮನೆಯಲ್ಲಿ ಬೆಳೆದವರಿಗೆ ಒಂದೇ ಮಾತು ಹೊಳೆಯುವುದೂ ಉಂಟು. ಅಮ್ಮನಿಗೆ ಓದಿ ಹೇಳಿದೆ. "ಅವಳು ಹೇಳಿದ್ರೆ ಅಜ್ಜ ತಿರುಗಿ ನೋಡ್ತಾರೆ, ನೀನು ಹೇಳಿದ್ರೆ ನಾನೂ ತಿರುಗಿ ನೋಡಲ್ಲ, ಏನ್ಮಾಡೋದು" ಅಂದಳು.

ಪಾಯದ ಗುರುತು ಹಾಕಿ ಆಯಿತು. ದಕ್ಷಿಣದ ರಸ್ತೆಯಿಂದ ಉತ್ತರಕ್ಕೆ ಉದ್ದಕ್ಕೆ ಸಾಗುವ ಕಟ್ಟಡ. ಒಂದು ಮಗ್ಗುಲಲ್ಲಿ ತರಗತಿಗಳು, ಇನ್ನೊಂದು ಮಗ್ಗುಲಲ್ಲಿ ಓಡಾಡುವ ಪಡಸಾಲೆ. ಭವ್ಯವಾಗಿದೆ.

ಒಂದು ಸಣ್ಣ ಸಿದ್ಧಾಂತದ ಪ್ರಶ್ನೆ. ಬೆಳಗಿನ ಬಿಸಿಲು, ಸಂಜೆಯ ಬಿಸಿಲಿನ ವಿಚಾರದಲ್ಲಿ ಗೆರೆಯಜ್ಜ ಈಗಲೂ ಹಳೆಯ ಹೊತ್ತಿಗೆಯಲ್ಲಿ ಬರೆದದ್ದನ್ನೇ ನಂಬುತ್ತಾರೆಯೇ? ಅವರ ಚಿಂತನೆಯಲ್ಲಿ ಏನಾದರೂ ಪಲ್ಲಟವಾಗಿದೆಯೇ? ಕುತೂಹಲಕ್ಕೆ ಕೇಳಿದೆ. ನನಗೆ ಅಂದಾಜಿದೆ, ನಿನಗೆ ಗೊತ್ತಿದೆಯೋ ನೋಡೋಣ ಎಂದು.

ಅಣ್ಣ

ಏಪ್ರಿಲ್ 22

ಅಣ್ಣಾ,

ನನಗೇ ಪರೀಕ್ಷೆ ಇಡುತ್ತೀಯಾ? ಹಾಗಾದರೆ ಉತ್ತರ ಕೇಳು. ಗೆರೆಯಜ್ಜ ಎಷ್ಟೋ ವಿಚಾರಗಳಲ್ಲಿ ಬಹಳ ಮುಂದೆ ಹೋಗಿದ್ದಾರೆ. ಬಿಸಿಲಿನ ವಿಚಾರದಲ್ಲೂ ಅಷ್ಟೇ. ಬರೀ ಕಿರುಹೊತ್ತಿಗೆ ಓದಿ ಅವರನ್ನು ಬಲ್ಲೆವು ಅನ್ನುವವರು ಹತ್ತು ವರ್ಷ ಹಿಂದಿದ್ದಾರೆ. ಹೊತ್ತಿಗೆಯಲ್ಲಿ ಇಲ್ಲದ್ದು ಇಲ್ಲಿ ದಿನವೂ ಅವರ ಬಾಯಲ್ಲಿ ಬರುತ್ತದೆ. ಎಲ್ಲವನ್ನೂ ಪತ್ರದಲ್ಲಿ ವಿವರಿಸಲು ಆಗುವುದಿಲ್ಲ. ನಕ್ಷೆಯಲ್ಲಿ ಇರುವುದನ್ನು ಇರುವಂತೆ ಕಟ್ಟು, ಸಾಕು.

ನಾಲ್ಕನೆಯ ಪ್ರಶ್ನೆ ನನಗೆ ನೆನಪಿರಲಿಲ್ಲ.

ಗುಬ್ಬಿ

ಜುಲೈ 6

ಗುಬ್ಬೀ,

ಏಪ್ರಿಲ್ ನಂತರ ನಿನ್ನ ಪತ್ರವಿಲ್ಲ, ನನ್ನದೂ ಇಲ್ಲ. ನೀನು ದೊಡ್ಡವರ ಬಾಗಿಲ ಬಳಿ ಕೂತವಳು. ನಾನು ಗಾರೆಯ ಧೂಳಿನಲ್ಲಿ ನಿಂತವನು. ಆದರೆ ಈಗ ಬರೆಯಲು ವಿಷಯವಿದೆ. ಗೋಡೆಗಳು ಕಿಟಕಿಯ ಮೇಲ್ಮಟ್ಟಕ್ಕೆ ಬಂದಿವೆ. ಎಂಥ ಕಿಟಕಿಗಳು! ಗೋಡೆಯ ಉದ್ದಕ್ಕೂ ಪಶ್ಚಿಮದ ಆಕಾಶ.

ಹೌದು, ಪಶ್ಚಿಮ. ಮೊದಲ ದಿನ ದಾರ ಕಟ್ಟಿದಾಗ ನಾನೂ ಬೆಚ್ಚಿದೆ. ತರಗತಿಗೆ ಬೆಳಗಿನ ಬಿಸಿಲು ಎಂದು ಎರಡನೆಯ ಹೊತ್ತಿಗೆಯಲ್ಲಿ ಬರೆದವರು ಪಶ್ಚಿಮಕ್ಕೆ ಏಕೆ ತಿರುಗಿದರು? ಅದಕ್ಕೇ ನಿನ್ನನ್ನು ಉಪಾಯವಾಗಿ ಕೇಳಿದ್ದು. ಅವರು ಮುಂದೆ ಹೋಗಿದ್ದಾರೆ ಎಂದು ನೀನು ಬರೆದಾಗ ನನಗೆ ಬೆಂಕಿ ಹತ್ತಿದಂತಾಯಿತು. ನಿನಗೆ ಬಾಯಿಮಾತಿನಲ್ಲಿ ಸಿಕ್ಕಿದ್ದನ್ನು ನಾನು ನನ್ನ ತಲೆಯಿಂದಲೇ ಕಂಡುಹಿಡಿಯುತ್ತೇನೆ ಎಂದು ಹಟ ತೊಟ್ಟೆ. ಕಂಡುಹಿಡಿದೆ! ಬೆಳಗಿನ ಬೆಳಕು ಉಳ್ಳವರ ಬೆಳಕು. ದುಡಿಯುವವರ ಮಕ್ಕಳು ಬೆಳಗ್ಗೆ ಮನೆಗೆಲಸ ಮುಗಿಸಿ ಬರುತ್ತಾರೆ. ಅವರ ಕಲಿಕೆಯ ಹೊತ್ತು ಮಧ್ಯಾಹ್ನದ ಮೇಲೆ. ಶಾಲೆ ಅವರತ್ತ ಮುಖ ತಿರುಗಿಸಿದೆ.

ಇಲ್ಲಿ ಯಾರಿಗೂ ಅರ್ಥವಾಗುತ್ತಿಲ್ಲ. ಶಾಲೆಯ ದೊಡ್ಡ ಟೀಚರು ಮಧ್ಯಾಹ್ನ ಮೂರಕ್ಕೆ ಬಂದು, ಛಾವಣಿಯಿಲ್ಲದ ತರಗತಿಯಲ್ಲಿ ಕೊಡೆ ಬಿಚ್ಚಿ ನಿಂತರು.

"ಏನಪ್ಪಾ ಓವರ್‌ಸಿಯರ್, ಪಾಠ ಹೇಳೋಕೆ ಕಟ್ತಿದೀಯೋ, ಹಪ್ಪಳ ಒಣಗಿಸೋಕೋ?"

"ಛಾವಣಿ ಬರ್ಲಿ ಟೀಚರೇ, ಸರಿಹೋಗತ್ತೆ."

"ಛಾವಣಿ ಮೇಲಿಂದ ಬರೋ ಬಿಸಿಲು ತಡಿಯುತ್ತೆ. ಇದು ಎದುರಿಂದ ಬರ್ತಾ ಇದೆ. ಮಕ್ಕಳು ಕರಿಹಲಗೆ ನೋಡ್ಬೇಕೋ, ಕಣ್ಣು ಮುಚ್ಚಿಕೊಂಡು ಕೂರ್ಬೇಕೋ?"

ಅವರಿಗಾಗಿಯೇ ನಾನು ಒಂದು ಕಿರುಹೊತ್ತಿಗೆ ಬರೆದೆ: 'ಪಶ್ಚಿಮದ ಕಿಟಕಿ'. ಅಪ್ಪನೇ ಮೊಳೆ ಜೋಡಿಸಿದ. ಒಂದು ಪ್ರತಿ ದೊಡ್ಡ ಟೀಚರಿಗೆ, ಒಂದು ನಿನಗೆ. ಇನ್ನೊಂದನ್ನು ಗೆರೆಯಜ್ಜನ ಹೆಸರಿಗೆ ನೇರವಾಗಿ ಅಂಚೆಗೆ ಹಾಕಿದ್ದೇನೆ. ಈ ಸಲ ನಿನ್ನ ಕೈ ದಾಟಿ ಹೋಗಬೇಕಿಲ್ಲ.

ಅಣ್ಣ

ಜುಲೈ 9

ಅಣ್ಣಾ,

ಕೆಲಸ ನಿಲ್ಲಿಸು. ಈ ಪತ್ರ ತಲುಪಿದ ಗಳಿಗೆಯಲ್ಲೇ ನಿಲ್ಲಿಸು.

ನಾನು ತರಗತಿಗಳನ್ನು ಬರೆದದ್ದು ಪೂರ್ವಕ್ಕೆ. ನೀನು ಹಾಳೆಯನ್ನು ಮಗುಚಿ ಹಾಕಿದ್ದೀಯ. ಟ್ರೇಸಿಂಗ್ ಹಾಳೆ ಪಾರದರ್ಶಕ, ಗೆರೆ ಎರಡೂ ಕಡೆಯಿಂದ ಒಂದೇ ಥರ ಕಾಣುತ್ತದೆ. ಅಕ್ಷರವಿಲ್ಲದ್ದರಿಂದ ಯಾವುದು ಮೇಲ್ಮೈ ಎಂದು ತಿಳಿಯುವುದಿಲ್ಲ. ಅದಕ್ಕೇ ಇಲ್ಲಿ ಪ್ರತಿ ಹಾಳೆಯ ಬಲಗಡೆ ಮೇಲಿನ ಮೂಲೆ ಕತ್ತರಿಸಿರುತ್ತೇವೆ. ಕತ್ತರಿಸಿದ ಮೂಲೆ ಬಲಕ್ಕೇ ಬರಬೇಕು. ಕಚೇರಿಯಲ್ಲಿ ಎಲ್ಲರಿಗೂ ಗೊತ್ತು, ಆದ್ದರಿಂದ ಯಾರೂ ಹೇಳುವುದಿಲ್ಲ. ನಾನೂ ಹೇಳಲಿಲ್ಲ. ನಿನಗೆ ಎಲ್ಲ ಗೊತ್ತಿರುತ್ತದಲ್ಲ!

ಮತ್ತೆ, "ಕಿಟಕಿ ಪಶ್ಚಿಮಕ್ಕೆ ಬರ್ತಿದೆ, ಸರಿಯಾ?" ಎಂದು ನೆಟ್ಟಗೆ ಕೇಳಲು ನಿನಗೆ ಏನು ಬಂದಿತ್ತು? ಚಿಂತನೆಯ ಪಲ್ಲಟವಂತೆ!

ಗುಬ್ಬಿ

ಜುಲೈ 13

ಗುಬ್ಬೀ,

ನಿಲ್ಲಿಸಿದ್ದೇನೆ. ಮೇಸ್ತ್ರಿಗೆ ಸಿಮೆಂಟು ಬಂದಿಲ್ಲ ಎಂದು ಹೇಳಿದೆ.

ಮೂಲೆ ಅಂಚೆಯಲ್ಲಿ ಹರಿದಿದೆ ಎಂದುಕೊಂಡಿದ್ದೆ. ನೆಟ್ಟಗೆ ಹರಿದಿದೆಯಲ್ಲ ಎಂದು ಆಶ್ಚರ್ಯವನ್ನೂ ಪಟ್ಟಿದ್ದೆ.

ನೆಟ್ಟಗೆ ಏಕೆ ಕೇಳಲಿಲ್ಲ ಎಂದರೆ, ಕೇಳಿದರೆ ನಿನಗೆ ಗೊತ್ತು, ನನಗೆ ಗೊತ್ತಿಲ್ಲ ಎಂದಾಗುತ್ತಿತ್ತು. ನೀನು ಏಕೆ ನೆಟ್ಟಗೆ ಹೇಳಲಿಲ್ಲ? ಬಿಸಿಲಿನ ಬಗ್ಗೆ ಅವರು ನಿನ್ನ ಮುಂದೆ ಒಂದು ಮಾತಾದರೂ ಆಡಿದ್ದಾರೆಯೇ?

ಅಲ್ಲಿ ಯಾರಿಗೆ ಗೊತ್ತಾಗಿದೆ? ನನ್ನ ಹೊತ್ತಿಗೆ ಬಂತೇ?

ಅಣ್ಣ

ಆಗಸ್ಟ್ 3

ಅಣ್ಣಾ,

ಬಿಸಿಲಿನ ಬಗ್ಗೆ ಅವರು ನನ್ನ ಮುಂದೆ ಒಂದು ಮಾತೂ ಆಡಿಲ್ಲ. ಮಾರ್ಚ್ ತನಕ ನನ್ನೊಂದಿಗೆ ಯಾವ ಮಾತೂ ಆಡಿರಲಿಲ್ಲ. ಮೀನು ಮಾರುಕಟ್ಟೆಯ ಕಥೆ ಪಕ್ಕದ ಮೇಜಿನವನು ಹೇಳಿದ್ದು.

ನಿನ್ನ ಹತ್ತು ಪ್ರಶ್ನೆಗಳನ್ನು ನಾನು ಕೊಟ್ಟಿರಲಿಲ್ಲ. ನನ್ನ ಮೇಜಿನ ಖಾನೆಯಲ್ಲಿವೆ. ಚಹಾದ ಹೊತ್ತಿಗೆ ಮುಂಚೆ ಒಂದು ಪ್ರಶ್ನೆ ಓದಿಕೊಂಡು ಹೋಗುತ್ತಿದ್ದೆ. ನಾಲ್ಕು ಮಾತ್ರವಲ್ಲ, ಎರಡು, ಐದು, ಏಳನ್ನೂ ಬಳಸಿದ್ದೇನೆ. ಅವರು ನಿನ್ನನ್ನು ಓದಿದರೆ ನನ್ನನ್ನು ಏಕೆ ಇಟ್ಟುಕೊಳ್ಳುತ್ತಾರೆ?

ಈಗ ಓದಿದ್ದಾರೆ. ನಿನ್ನ ಹೊತ್ತಿಗೆ ಕೈಯಲ್ಲಿ ಹಿಡಿದುಕೊಂಡು ನನ್ನನ್ನು ಒಳಗೆ ಕರೆದರು.

"ಈ ಪಶ್ಚಿಮದ ಕಿಟಕಿ ಬರೆದೋನು ಯಾರು?"

"ನಮ್ಮಣ್ಣ, ಅಲ್ಲೇ ಓವರ್‌ಸಿಯರ್. ಹಾಳೆ ಮಗುಚಿ ಬಿದ್ದಿದೆ, ಸರ್. ತಪ್ಪಾಗಿದೆ."

ಅವರು ಕನ್ನಡಕ ತೆಗೆದು ಒರೆಸಿದರು. "ಹಾಳೆ ಹೇಗೆ ಬಿತ್ತು ಅನ್ನೋದು ಬೇಡಮ್ಮ. ನೋಡೋರಿಗೆ ಏನು ಕಾಣತ್ತೆ ಅನ್ನೋದು ಮುಖ್ಯ. ನಾನೇ ಹಾಗೆ ಯೋಚಿಸಿದ್ದೆ ಅಂತಿಟ್ಕೋ. ಇವನು ನನಗಿಂತ ಚೆನ್ನಾಗಿ ಬರ್ದಿದಾನೆ. ಕರೆಸು ಅವನನ್ನ. ನಿನ್ನ ಪಕ್ಕ ಒಂದು ಮೇಜು ಹಾಕ್ಸೋಣ."

ಅವರು ಹೊಸ ಹೊತ್ತಿಗೆ ತರುತ್ತಾರೆ, 'ಸಂಜೆಯ ಬೆಳಕು' ಎಂದು. ನಿನ್ನ ಶಾಲೆಯ ಚಿತ್ರ ಅದರ ಮುಖಪುಟ. ಆರು ವರ್ಷಗಳಿಂದ ಅವರು ಹೊಸದೇನೂ ಬರೆದಿಲ್ಲ, ಅಣ್ಣಾ. ಬ್ಯಾಂಕಿನ ಮುಂಭಾಗಕ್ಕೆ ಅಮೃತಶಿಲೆ ಹಾಕಿಸುತ್ತಿದ್ದಾರೆ. ಅವರ ಮನೆಗೆ ಕಾಗದ ಕೊಡಲು ಹೋಗಿದ್ದೆ: ಕೂರುವ ಕುರ್ಚಿಯ ತೋಳಿನ ಮೇಲೆ ಸಿಂಹದ ಕೆತ್ತನೆ. ನಿನಗೆ ಇದನ್ನೆಲ್ಲ ಬರೆಯಲಿಲ್ಲ. ಬರೆದಿದ್ದರೆ, "ಇಷ್ಟಕ್ಕಾ ನೀನು ಹೋಗಿದ್ದು" ಅನ್ನುತ್ತಿದ್ದೆ.

ಈಗ ನೀನು ಸುಮ್ಮನಿದ್ದರೆ ಎಲ್ಲ ಸರಿಯಾಗುತ್ತದೆ. ಕಿಟಕಿಗೆ ಮುಂದೆ ಯಾವಾಗಲಾದರೂ ಮರೆ ಕಟ್ಟಿಸಬಹುದು. ನಿನಗೆ ಬೇಕಿದ್ದ ಜಾಗ ಸಿಗುತ್ತದೆ, ನನ್ನದೂ ಉಳಿಯುತ್ತದೆ. ನೀನು ತಪ್ಪು ತಪ್ಪು ಎಂದು ಊರೆಲ್ಲ ಸಾರಿದರೆ ಅವರು ಸುಳ್ಳುಗಾರರಾಗುತ್ತಾರೆ. ಆಮೇಲೆ ಈ ಬಾಗಿಲಲ್ಲಿ ನನ್ನನ್ನು ಯಾರು ಕೂರಿಸುತ್ತಾರೆ? ಗೋಡೆ ಒಡೆಯಬೇಡ. ಒಡೆದರೆ ಮಕ್ಕಳಿಗಾಗಿ ಒಡೆದೆ ಎಂದು ನಾನು ನಂಬುವುದಿಲ್ಲ.

ಗುಬ್ಬಿ

ಆಗಸ್ಟ್ 30

ಗುಬ್ಬೀ,

ನಿನ್ನ ಪತ್ರ ಬಂದ ಮೇಲೆ ನಾನು ಬಟ್ಟೆ ಗಂಟು ಕಟ್ಟಿದೆ. ಅಮ್ಮ ನನ್ನ ಅಂಗಿಗಳಿಗೆ ಗುಂಡಿ ಹೊಲಿದಳು. "ಕೊನೆಗೂ ಅಣ್ಣತಂಗಿ ಒಂದೇ ಕಡೆ ಇರ್ತೀರಲ್ಲ, ಒಬ್ಬರನ್ನೊಬ್ಬರು ಕಚ್ಚೋಕೆ ಅಂಚೆ ಖರ್ಚಿಲ್ಲ" ಅಂದಳು. ಹೋಗುವ ಮುನ್ನ ಶಾಲೆಯನ್ನೊಮ್ಮೆ ನೋಡಿ ಬರೋಣವೆಂದು ಮಧ್ಯಾಹ್ನ ಹೋದೆ.

ಹಳೆಯ ಶಾಲೆ ಸೋರುತ್ತದೆಂದು ದೊಡ್ಡ ಟೀಚರು ಚಿಕ್ಕ ತರಗತಿಯವರನ್ನು ಆಗಲೇ ಅಲ್ಲಿಗೆ ತಂದು ಕೂರಿಸಿದ್ದರು, ತಾತ್ಕಾಲಿಕ ತಗಡಿನ ಕೆಳಗೆ. ಮಕ್ಕಳೆಲ್ಲ ಕಿಟಕಿಗೆ ಬೆನ್ನು ಹಾಕಿ, ಕರಿಹಲಗೆಯನ್ನೂ ಬಿಟ್ಟು, ಒಬ್ಬರ ನೆರಳಲ್ಲಿ ಒಬ್ಬರು ಕೂತಿದ್ದರು. ಹಿಂದಿನ ಸಾಲಿನವರಿಗೆ ಯಾರ ನೆರಳೂ ಇರಲಿಲ್ಲ. ಟೀಚರ ಮೇಜಿನ ಮೇಲೆ ನನ್ನ ಹೊತ್ತಿಗೆ ಇತ್ತು. ಅವರು ಅದನ್ನು ಕೈಗೆತ್ತಿಕೊಂಡು ಗಾಳಿ ಬೀಸಿಕೊಳ್ಳುತ್ತ, "ಬಾಪ್ಪಾ, ಓದಿದೆ. ತುಂಬ ಚೆನ್ನಾಗಿ ಬರ್ದಿದೀಯ. ನೀನೂ ಇಲ್ಲೇ ಸ್ವಲ್ಪ ಕೂತ್ಕೋ" ಎಂದರು. ಕೂತೆ, ಹಿಂದಿನ ಸಾಲಿನಲ್ಲಿ. ಗಂಟೆ ಹೊಡೆಯುವ ತನಕ ಕೂತಿದ್ದೆ. ನನ್ನ ಒಂದು ವಾಕ್ಯವೂ ನೆನಪಿಗೆ ಬರಲಿಲ್ಲ.

ಸಮಿತಿಯ ಮುಂದೆ ನಿಂತು ಹೇಳಿದೆ: ಹಾಳೆ ಮಗುಚಿ ಹಾಕಿದವನು ನಾನು, ನಕ್ಷೆ ಸರಿಯಾಗಿತ್ತು. "ಹಾಗಾದ್ರೆ ಈ ಪುಸ್ತಕ?" ಎಂದು ಅಧ್ಯಕ್ಷರು ಕೇಳಿದರು. "ಅದನ್ನೂ ಮಗುಚಿ ಓದಿ" ಅಂದೆ. ಯಾರೂ ನಗಲಿಲ್ಲ. ನನ್ನನ್ನು ಮೇಲ್ವಿಚಾರಣೆಯಿಂದ ತೆಗೆದರು; ಕೆಲಸ ಮುಗಿಯುವವರೆಗೆ ಮೇಸ್ತ್ರಿಯ ಕೈಕೆಳಗೆ ಇರಬಹುದು ಎಂದರು. ಈಗ ಪೂರ್ವದ ಪಡಸಾಲೆಯನ್ನು ತರಗತಿಗೆ ಸೇರಿಸಿ ಅಲ್ಲಿ ಕಿಟಕಿ ತೆಗೆಯುತ್ತಿದ್ದೇವೆ. ಪಶ್ಚಿಮದ ಮಗ್ಗುಲನ್ನು ಪಡಸಾಲೆ ಮಾಡಿ ಅದರ ಕಿಟಕಿಗಳನ್ನು ಮುಕ್ಕಾಲು ಮುಚ್ಚುತ್ತಿದ್ದೇವೆ. ಮೊದಲ ಇಟ್ಟಿಗೆ ಒಡೆದವನು ನಾನು.

ನೀನು ನಂಬುವುದಿಲ್ಲ ಎಂದೆ. ಸುತ್ತಿಗೆ ಎತ್ತಿದಾಗ ಮಕ್ಕಳ ನೆನಪಿತ್ತು. ನಿನ್ನ ಮೇಜಿನ ನೆನಪೂ ಇತ್ತು. ಯಾವುದು ಎಷ್ಟು ಎಂದು ತೂಗಲು ನನಗೆ ಬರಲಿಲ್ಲ. ತೂಗುತ್ತ ನಿಂತರೆ ಗೋಡೆ ಒಣಗಿ ಗಟ್ಟಿಯಾಗುತ್ತದೆ.

ಗೆರೆಯಜ್ಜನಿಗೆ, ಬರುವುದಿಲ್ಲ ಎಂದು ಹೇಳು.

ಅಣ್ಣ

ಅಕ್ಟೋಬರ್ 2

ಗುಬ್ಬೀ,

ಉತ್ತರವಿಲ್ಲ. ಅಪ್ಪ ದಿನವೂ ಅಂಚೆಯವನನ್ನು ಬೀದಿಯ ತಿರುವಿನಲ್ಲೇ ತಡೆದು ಕೇಳುತ್ತಾನೆ. ನನ್ನ ಮೇಲೆ ಸಿಟ್ಟಿದ್ದರೆ ಅವನ ಹೆಸರಿಗಾದರೂ ಬರೆ.

ಅಣ್ಣ

ನವೆಂಬರ್ 11

ಅಣ್ಣಾ,

ಅಪ್ಪನಿಗೆ ಬೇರೆ ಬರೆದಿದ್ದೇನೆ. ಇದು ನಿನಗೆ.

'ಸಂಜೆಯ ಬೆಳಕು' ಅಚ್ಚಾಗಿದೆ. ಇದರೊಂದಿಗೆ ಒಂದು ಪ್ರತಿ ಇಟ್ಟಿದ್ದೇನೆ, ನೋಡಿಕೋ. ಪುಟ ತಿರುಗಿಸಿದರೆ ನಿನ್ನದೇ ವಾಕ್ಯಗಳು. ನಿನ್ನ ಹೆಸರು ಎಲ್ಲೂ ಇಲ್ಲ.

ಮುಖಪುಟದ ಚಿತ್ರ ಬರೆಯಲು ನನಗೇ ಹೇಳಿದ್ದರು. ನಿನ್ನ ಆಗಸ್ಟಿನ ಪತ್ರ ಓದಿ ಎರಡು ದಿನ ನಿನ್ನನ್ನು ಬೈದೆ. ಆಮೇಲೆ ಕೂತು ಬರೆದೆ: ತರಗತಿಗಳು ಪೂರ್ವಕ್ಕೆ, ನೀನು ಈಗ ಕಟ್ಟುತ್ತಿರುವಂತೆ. ಗೆರೆಯಜ್ಜ ಬಂದು ನೋಡಿದರು. ಈ ಸಲ ರಬ್ಬರ್ ಕೇಳಲಿಲ್ಲ. ಟ್ರೇಸಿಂಗ್ ಹಾಳೆಯನ್ನು ಎತ್ತಿ, ಮಗುಚಿ, ಮತ್ತೆ ಮೇಜಿನ ಮೇಲೆ ಇಟ್ಟರು. "ಹೀಗೆ ಕಳಿಸು ಪ್ರೆಸ್ಸಿಗೆ" ಎಂದರು.

"ಇಲ್ಲ ಸರ್" ಅಂದೆ. "ಕಟ್ಟಡ ಹಾಗಿಲ್ಲ."

"ಹೊತ್ತಿಗೆ ಓದೋರು ಕಟ್ಟಡ ನೋಡೋಕೆ ಬರಲ್ಲಮ್ಮ."

"ನಾನು ಕಳಿಸಲ್ಲ."

ಅವರು ಕಿರುಚಲಿಲ್ಲ. ಹಾಳೆಯನ್ನು ಪಕ್ಕದ ಮೇಜಿನವನಿಗೆ ಕೊಟ್ಟರು. ಮಾರನೆಯ ದಿನದಿಂದ ನಾನು ಕೆಳಗಿನ ಮಹಡಿಯಲ್ಲಿ ಬ್ಲೂಪ್ರಿಂಟ್ ತೆಗೆಯುವ ಕೋಣೆಯಲ್ಲಿದ್ದೇನೆ. ಕಿಟಕಿಯೇ ಇಲ್ಲ. ಔಷಧದ ಘಾಟಿಗೆ ಕಣ್ಣು ಸದಾ ಒದ್ದೆ, ಅಳುತ್ತಿದ್ದೇನೋ ಇಲ್ಲವೋ ನನಗೇ ಗೊತ್ತಾಗುವುದಿಲ್ಲ. ಜನವರಿಗೆ ವರ್ಷ ಮುಗಿಯುತ್ತದೆ, ಆಮೇಲೆ ಬೇಡ ಎಂದು ಹೇಳಿದ್ದಾರೆ.

ಈಗ ಸಮಾಧಾನವಾಯಿತೇ?

ಗುಬ್ಬಿ

ನವೆಂಬರ್ 16

ಗುಬ್ಬೀ,

ಇಲ್ಲ. ಸಮಾಧಾನವಾಗುತ್ತದೆ ಎಂದು ನಾನೂ ಅಂದುಕೊಂಡಿದ್ದೆ. ನಿನ್ನನ್ನು ಆ ಬಾಗಿಲಿಂದ ಎಬ್ಬಿಸುತ್ತಾರೆ ಎಂಬ ದಿನವನ್ನು ಎಷ್ಟು ಸಲ ಮನಸ್ಸಿನಲ್ಲೇ ಕಟ್ಟಿ ನೋಡಿದ್ದೆನೋ. ಅದು ಬಂದಿದೆ, ಆದರೆ ಹೊಟ್ಟೆಯಲ್ಲಿನ ಉರಿ ಇದ್ದಲ್ಲೇ ಇದೆ. ಏಕೆಂದರೆ ಈಗ ಉರಿಯಲು ಹೊಸ ಸೌದೆ ಕೊಟ್ಟಿದ್ದೀಯ. ಆ ಮುದುಕರಿಗೆ ಒಂದು ದಿನ ಎದುರು ನಿಂತು "ಇಲ್ಲ" ಅನ್ನಬೇಕೆಂದು ಹತ್ತು ಪ್ರಶ್ನೆ ಬರೆದು, ತಿದ್ದಿ, ಹೊಲಿದವನು ನಾನು. ಅಂದವಳು ನೀನು. ನಾನು ಒಡೆದದ್ದು ಬಾಯಿಲ್ಲದ ಗೋಡೆ.

ಅವರ ಹೊತ್ತಿಗೆ ಓದಿದೆ. ನನ್ನ ವಾಕ್ಯಗಳು ಅವರ ಹೆಸರಿನ ಕೆಳಗೆ ಎಷ್ಟು ಚೆನ್ನಾಗಿ ಕಾಣುತ್ತವೆ! ಅದನ್ನು ನೋಡಿ ಒಂದು ಗಳಿಗೆ ಹೆಮ್ಮೆಪಟ್ಟೆ ಎಂಬುದನ್ನೂ ಬರೆದುಬಿಡುತ್ತೇನೆ. ಮರುಗಳಿಗೆಯಲ್ಲಿ ಹರಿಯಲು ಹೋದೆ. ಅಪ್ಪ ಕಿತ್ತುಕೊಂಡ. "ಅಚ್ಚು ಚೆನ್ನಾಗಿದೆ ಕಣೋ, ಹಾಳೆಗೇನು ತಪ್ಪು" ಅಂದ.

ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು ಇದೆ, ಗುಬ್ಬಿ. ಈ ಒಂದು ಸಾಲನ್ನು ಬರೆಯದಿರಲು ನಿನಗೆ ಇಷ್ಟೆಲ್ಲ ಪತ್ರ ಬರೆದೆ. ಲಕೋಟೆ ಒಡೆದು ನಿನ್ನ ಹೆಸರನ್ನಷ್ಟೇ ಓದಿದ ದಿನ ಶುರುವಾದದ್ದು. ಇನ್ನೂ ಕಡಿಮೆಯಾಗಿಲ್ಲ. ಕಡಿಮೆಯಾಗುತ್ತದೆಂದು ಮಾತು ಕೊಡಲಾರೆ.

ನಿನಗೂ ನನ್ನ ಮೇಲೆ ಇದ್ದರೆ ಬರೆ.

ಅಣ್ಣ

ನವೆಂಬರ್ 20

ಅಣ್ಣಾ,

ಇದೆ. ನಾನು ಬರೆದ ಒಂದು ಗೆರೆಯ ಒಳಗೂ ಇಂದಿನವರೆಗೆ ಯಾರೂ ಕೂತಿಲ್ಲ. ನಿನ್ನ ಗೋಡೆಯ ಮಗ್ಗುಲಲ್ಲಿ ಮಕ್ಕಳು ಕೂತಿದ್ದಾರೆ.

ಜನವರಿಯವರೆಗೆ ಕಾಯುವುದಿಲ್ಲ. ಶನಿವಾರದ ಬಸ್ಸಿಗೆ ಬರುತ್ತಿದ್ದೇನೆ. ಮನೆಗೆ ಆಮೇಲೆ, ಮೊದಲು ಶಾಲೆಗೆ ಕರೆದುಕೊಂಡು ಹೋಗು. ನೀನು ಹೊರಗೆ ನಿಂತಿರು. ನಾನು ಒಬ್ಬಳೇ ಒಳಗೆ ಹೋಗಿ ನೋಡಬೇಕು.

ಗುಬ್ಬಿ